ನದಿಯಲ್ಲಿ ನೆನೆದ ನಕ್ಷೆ

ಹರಿಗೋಲು ಬಂಡೆಗೆ ತಾಗಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒಣ ಚರ್ಮವನ್ನು ಯಾರೋ ಉಗುರಿನಿಂದ ಕೆರೆದ ಹಾಗಿತ್ತು. ಪಾದಕ್ಕೆ ತಣ್ಣಗಾದ ಮೇಲೆಯೇ ತಳ ಹರಿದಿದೆಯೆಂದು ನನಗೆ ತಿಳಿದದ್ದು.

ಸಂಕ್ರಾಂತಿ ಕಳೆದ ದಿನಗಳು. ತುಂಗಭದ್ರೆಯಲ್ಲಿ ಪ್ರವಾಹವಿರಲಿಲ್ಲ, ಆದರೆ ಹೊತ್ತೇರಿದ ಮೇಲೆ ಬಂಡೆಗಳ ಸಂದಿನಿಂದ ನುಗ್ಗುವ ಗಾಳಿಯಿತ್ತು. ನಡುಹೊಳೆಯಲ್ಲಿ ಆ ಗಾಳಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿ ಬಂಡೆಗೆ ಒಯ್ದು ಬಿಟ್ಟಿತು. ಒಳಗೆ ಇದ್ದವರು ನಾಲ್ವರು. ನಾನು, ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು, ಮತ್ತು ಹುಟ್ಟು ಹಾಕುತ್ತಿದ್ದ ಅಂಬಿಗ. ನನ್ನ ತೊಡೆಯ ಮೇಲೆ ತಗಡಿನ ಉದ್ದನೆಯ ಕೊಳವೆ. ಅದರೊಳಗೆ ಸರಕಾರದ ನಕ್ಷೆ.

ನಾನು ಕುಷ್ಟಗಿ ಕಡೆಯ ಒಣಭೂಮಿಯವನು. ಈಜು ಬಾರದು. ಅಂಬಿಗ ಒಂದೇ ಮಾತು ಹೇಳಿದ: "ಯಾರೂ ಏಳಬ್ಯಾಡ್ರಿ." ಹಾಗೆಂದವನೇ ನೀರಿಗಿಳಿದು ಮೊದಲು ಕೂಸನ್ನು, ಆಮೇಲೆ ತಾಯಿಯನ್ನು, ಆಮೇಲೆ ನನ್ನನ್ನು ಬಂಡೆಯ ಮೇಲೆ ಏರಿಸಿದ. ಅಷ್ಟರಲ್ಲಿ ಕೊಳವೆ ನನ್ನ ಕೈತಪ್ಪಿ ತೇಲಿಹೋಗಿ, ಮೂತಿ ಕೆಳಗೆ ಮಾಡಿ ಮುಳುಗತೊಡಗಿತ್ತು. ನಾನು ಕೂಗಿಕೊಂಡೆ. ಅವನು ತಿರುಗಿ ಈಜಿ ಹೋಗಿ ಅದನ್ನೂ ತಂದ. ಮುಚ್ಚಳ ಹೋಗಿತ್ತು. ಕೊಳವೆ ಓರೆ ಮಾಡಿದಾಗ ಒಳಗಿನಿಂದ ಹೊಳೆಯ ನೀರು ಸುರಿಯಿತು. ಆಮೇಲೆ ಇನ್ನೊಂದು ಹರಿಗೋಲು ಬಂದು ನಮ್ಮನ್ನು ಆನೆಗೊಂದಿಯ ದಂಡೆಗೆ ಮುಟ್ಟಿಸಿತು.

ನಲವತ್ತರ ದಶಕದ ಮಾತಿದು. ಹೊಳೆಗೆ ಅಡ್ಡ ದೊಡ್ಡ ಅಣೆಕಟ್ಟು ಕಟ್ಟುವ ಮಾತುಕತೆ ಗಟ್ಟಿಯಾಗುತ್ತಿತ್ತು. ಆಚೆ ದಂಡೆ ಮದ್ರಾಸು ಸರಕಾರದ್ದು, ಈಚೆ ದಂಡೆ ನಿಜಾಮರದು. ನಮ್ಮ ಕಡೆಯ ಕಾಲುವೆ ಗಂಗಾವತಿ ಸೀಮೆಯಲ್ಲಿ ಎಲ್ಲೆಲ್ಲಿ ಹಾಯಬೇಕೆಂದು ನೋಡಲು ಅಳತೆಯ ತಂಡಗಳು ತಿರುಗುತ್ತಿದ್ದವು. ಅಂಥ ಒಂದು ತಂಡದಲ್ಲಿ ನಾನು ನಕ್ಷೆ ಎಳೆಯುವ ಕೆಲಸದವನು. ಆನೆಗೊಂದಿಯ ಹೊರಗಿನ ಮಾವಿನ ತೋಪಿನಲ್ಲಿ ನಮ್ಮ ಡೇರೆಗಳು. ಹಿಂದಿನ ಹಂಗಾಮಿನಲ್ಲಿ ಬೇರೊಂದು ತಂಡ ಆ ಸುತ್ತಿನ ಹೊಲ, ಬಂಡೆ, ಕೆರೆಗಳನ್ನೆಲ್ಲ ಅಳೆದು ತಯಾರಿಸಿದ್ದ ನಕ್ಷೆಯನ್ನು ನಾನು ಕೊಪ್ಪಳದ ಕಚೇರಿಯಿಂದ ತರುತ್ತಿದ್ದೆ. ರೈಲಿನಲ್ಲಿ ಹೊಸಪೇಟೆ, ಅಲ್ಲಿಂದ ಚಕ್ಕಡಿಯಲ್ಲಿ ಹೊಳೆ ದಾಟುವ ಕಡವು, ಕಡವಿನಿಂದ ಹರಿಗೋಲು. ನಕ್ಷೆಗೆ ಇನ್ನೊಂದು ಪ್ರತಿ ಇರಲಿಲ್ಲ.

ನಮ್ಮ ಮೇಲಿನವರು ಹೈದರಾಬಾದಿನಿಂದ ಬಂದ ಓವರ್‌ಸಿಯರ್ ಸಾಹೇಬರು. ಉರ್ದು ಅವರ ಮನೆಮಾತು. ನಮ್ಮೊಡನೆ ಇದ್ದು ಇದ್ದು ಕನ್ನಡವನ್ನೂ ನಮ್ಮ ಹಾಗೆಯೇ ಆಡುತ್ತಿದ್ದರು. ಡೇರೆಯಲ್ಲಿ ಕೊಳವೆಯಿಂದ ನಕ್ಷೆಯನ್ನು ಎಳೆದಾಗ ಅದು ಒಗೆದ ಪಂಚೆಯ ಹಾಗೆ ಹೊರಬಂತು. ಬಟ್ಟೆಗೆ ಅಂಟಿಸಿದ ಕಾಗದವಾದ್ದರಿಂದ ಹರಿದಿರಲಿಲ್ಲ. ಕಪ್ಪು ಮಸಿಯ ಗೆರೆಗಳು ಹಾಗೆಯೇ ಇದ್ದವು. ಕೆಂಪು, ನೀಲಿ ಬಣ್ಣಗಳು ಮಾತ್ರ ಕದಡಿಹೋಗಿದ್ದವು. ಸಾಹೇಬರು ನಕ್ಷೆಯನ್ನು ನೋಡಿ, ನನ್ನನ್ನು ನೋಡಿ, ಮಂಚದ ಮೇಲೆ ಕೂತರು.

"ನೀನು ಛಲೋ ಅದಿಯಲ್ಲ?"

"ಅದೀನ್ರಿ. ಅಂಬಿಗ ಎಲ್ಲಾರನ್ನೂ ಉಳಿಸಿದ."

"ಅವನನ್ನ ಕಡವಿನಾಗಿಂದs ಅಮೀನರು ಹಿಡ್ಕೊಂಡು ಹೋಗ್ಯಾರಂತ, ಈಗ ಸುದ್ದಿ ಬಂತು" ಎಂದರು.

ಅಮೀನರೆಂದರೆ ಪೊಲೀಸು ಠಾಣೆಯ ಅಧಿಕಾರಿ. ಗಾಳಿಯ ಹೊತ್ತಿನಲ್ಲಿ ಹರಿಗೋಲು ಬಿಟ್ಟು ಸರಕಾರಿ ನಕ್ಷೆಯನ್ನು ಹಾಳು ಮಾಡಿದ್ದಾನೆಂದು ಅಂಬಿಗನನ್ನು ಚಾವಡಿಯಲ್ಲಿ ಕೂರಿಸಿದ್ದರು. ನಾನು ಒದ್ದೆ ಬಟ್ಟೆಯಲ್ಲೇ ಅಲ್ಲಿಗೆ ಹೋದೆ. ಅಂಬಿಗ ಕಂಬಕ್ಕೊರಗಿ ಕೂತಿದ್ದ. ಐವತ್ತು ದಾಟಿದ ಗಟ್ಟಿ ಆಳು, ಆಗಲೂ ತಲೆಗೂದಲಿನಿಂದ ನೀರು ಇಳಿಯುತ್ತಿತ್ತು. ಆ ನಕ್ಷೆಯನ್ನು ನೀರಿನಿಂದ ತೆಗೆದವನೇ ಇವನು ಎಂದು ನಾನು ಅಮೀನರಿಗೆ ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ನಕ್ಷೆ ಕೆಟ್ಟಿಲ್ಲ ಅಂತ ನಿಮ್ಮ ಸಾಹೇಬರು ಬರದು ಕೊಡ್ಲಿ. ಈಗಿಂದೀಗ ಬಿಡ್ತೀನಿ. ಕೆಟ್ಟೈತಿ ಅಂದ್ರ ಮಾತ್ರ ನನ್ನ ಕೈಯಾಗ ಇರೂದಿಲ್ಲ. ಗಂಗಾವತಿಗೆ ಕಳಸಬೇಕಾಗತೈತಿ, ಕಡವೂ ಬ್ಯಾರೆಯವರ ಪಾಲಾಗತೈತಿ."

ಡೇರೆಗೆ ಬಂದು ಸಾಹೇಬರಿಗೆ ಇದನ್ನು ತಿಳಿಸಿದೆ. ಅವರು, "ನಾನು ಸುಳ್ಳು ಬರಿಯೂದಿಲ್ಲ. ಕೆಟ್ಟಿದ್ರ ಕೆಟ್ಟೈತಿ, ಇಲ್ಲಂದ್ರ ಇಲ್ಲ. ಮೊದಲ ಒಣಗಲಿ" ಎಂದರು.

ನೆರಳಿನಲ್ಲಿ ಹಲಗೆಯ ಮೇಲೆ ಹರಡಿ, ಅಂಚುಗಳಿಗೆ ನದಿಯ ನುಣುಪು ಕಲ್ಲುಗಳನ್ನಿಟ್ಟು ಒಣಗಿಸಿದೆವು. ಮರುದಿನ ಸಾಹೇಬರು ಅಳತೆಪಟ್ಟಿ ಹಿಡಿದು ಕೂತರು. ನಿಯಮದಂತೆ ಮೂವತ್ತು ಅಂಗುಲ ಇರಬೇಕಿದ್ದ ಚೌಕಟ್ಟಿನ ಗೆರೆ ಮುಕ್ಕಾಲು ಅಂಗುಲ ಕುಗ್ಗಿತ್ತು. ಇನ್ನೊಂದು ಅಂಚು ಮೂಲೆಯಲ್ಲಿ ಸುಕ್ಕುಗಟ್ಟಿ ಅಳೆಯಲು ಬರುವಂತಿರಲಿಲ್ಲ.

"ಮುಗೀತು" ಎಂದರು. "ಒಂದು ಅಂಗುಲಕ್ಕ ನಾಲ್ಕುನೂರು ಅಡಿ ಅಂತ ಎಳದದ್ದು. ಈಗ ಆ ಲೆಕ್ಕ ಸುಳ್ಳು. ಇದರ ಮ್ಯಾಲ ಕಾಲುವಿ ಗೆರಿ ಹೆಂಗ ಹಾಕೂದು?"

ನಾನು ಒಣಗಿದ ಹಾಳೆಯನ್ನೇ ನೋಡುತ್ತಿದ್ದೆ. ಸಣ್ಣದಾಗಿದೆ, ನಿಜ. ಆದರೆ ಸಣ್ಣದಾಗುವುದೂ ಕೆಡುವುದೂ ಒಂದೇ ಏನು? ಎಲ್ಲ ಕಡೆಗೂ ಒಂದೇ ಸಮ ಕುಗ್ಗಿದ್ದರೆ ಆಕಾರ ಹಾಗೆಯೇ ಉಳಿದಿರುತ್ತದೆ. ಆಗ ಅಂಗುಲಕ್ಕೆ ನಾಲ್ಕುನೂರು ಅಡಿಯ ಬದಲು ಎಷ್ಟು ಅಡಿ ಎಂಬುದೊಂದನ್ನು ಕಂಡುಹಿಡಿದರೆ ಸಾಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಗ್ಗಿದ್ದರೆ ಮಾತ್ರ ಸಾಹೇಬರ ಮಾತು ಖರೆ.

ನಾವು ಓದಿದ್ದು ಉರ್ದು ಸಾಲೆಯಲ್ಲಿ. ತ್ರಿಕೋನಕ್ಕೆ ಮುಸಲ್ಲಸ್ ಎನ್ನುತ್ತಿದ್ದರು, ಒಂದೇ ಆಕಾರದವುಗಳಿಗೆ ಮುತಶಾಬೆ. ಎರಡು ತ್ರಿಕೋನಗಳ ಮೂರೂ ಬದಿಗಳನ್ನು ಜೋಡಿ ಜೋಡಿಯಾಗಿ ಭಾಗಿಸಿ, ಮೂರು ಸಲವೂ ಒಂದೇ ಉತ್ತರ ಬಂದರೆ ಅವು ಒಂದೇ ಆಕಾರದವು. ಕೋನ ಅಳೆಯುವ ಅಗತ್ಯವೇ ಇಲ್ಲ. ಕೋನ ಅಳೆಯುವ ಯಂತ್ರವೂ ನಮ್ಮ ಹತ್ತಿರ ಇರಲಿಲ್ಲ. ಅದನ್ನು ಹೇಮಗುಡ್ಡದ ಕಡೆ ಹೋದ ತಂಡ ಒಯ್ದಿತ್ತು. ನಮ್ಮಲ್ಲಿ ಇದ್ದದ್ದು ನೂರು ಅಡಿಯ ಸರಪಳಿ, ಕಬ್ಬಿಣದ ಹತ್ತು ಕಡ್ಡಿ, ಕೆಂಪು ಬಿಳಿ ಬಳಿದ ಕೋಲುಗಳು.

ಇದನ್ನು ಸಾಹೇಬರಿಗೆ ಹೇಳಿದೆ. ಅವರು ಹುಬ್ಬೇರಿಸಿ, "ಸಾಲಿ ಬಿಟ್ಟ ಮ್ಯಾಲ ಆ ಮಾತು ಯಾರ ಬಾಯಾಗೂ ಕೇಳಿರಲಿಲ್ಲ. ಮಾಡು ನೋಡೂಣು" ಎಂದರು.

ನಕ್ಷೆಯಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಸಿಗುವ ಮೂರು ಗುರುತು ಬೇಕಿತ್ತು. ಕೆರೆಯ ಕೋಡಿಯ ಕಲ್ಲು, ಹುಣಸೆಮರದ ಕೆಳಗೆ ನೆಟ್ಟ ಗಡಿಕಲ್ಲು, ಹಾಳು ಮಂಟಪದ ಮೂಲೆ, ಈ ಮೂರನ್ನು ಆರಿಸಿಕೊಂಡೆ. ನಕ್ಷೆಯ ಮೇಲೆ ಕೋಡಿಯಿಂದ ಹುಣಸೆಗೆ ಆರು ಅಂಗುಲ, ಹುಣಸೆಯಿಂದ ಮಂಟಪಕ್ಕೆ ಎಂಟು, ಮಂಟಪದಿಂದ ಕೋಡಿಗೆ ಏಳು. ಕೂದಲೆಳೆ ಹೆಚ್ಚುಕಡಿಮೆ ಇದ್ದರೂ ಬಾಯಲ್ಲಿ ಹೇಳಲು ಚೆಂದದ ಅಂಕಿಗಳು. ನೆಲದ ತ್ರಿಕೋನ ಅಳೆಯುವುದು ಬಾಕಿ.

ಸರಪಳಿಯ ಹಿಂಬದಿ ಹಿಡಿಯುವವರು ಗಂಗಾವತಿಯ ಒಬ್ಬ ಹಿರಿಯ ಮುಸಲ್ಮಾನರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ಮುಂದಿನ ತುದಿ ನನ್ನ ಕೈಯಲ್ಲಿ. ನಾನು ಸರಪಳಿ ಎಳೆದು ಬಿಗಿಮಾಡಿ ಒಂದು ಕಡ್ಡಿ ಚುಚ್ಚಬೇಕು, ಚಾಚಾ ಅಲ್ಲಿಗೆ ಬಂದು ಆ ಕಡ್ಡಿ ಕಿತ್ತುಕೊಳ್ಳಬೇಕು. ಅವರ ಕೈಯಲ್ಲಿ ಹತ್ತು ತುಂಬಿದರೆ ಸಾವಿರ ಅಡಿ. ಕಡ್ಡಿಗಳನ್ನು ನನಗೆ ಹಿಂದಿರುಗಿಸಿ ಮತ್ತೆ ಮೊದಲಿನಿಂದ.

ಬತ್ತ ಕೊಯ್ದ ಗದ್ದೆಗಳ ಕೂಳೆಯ ಮೇಲೆ ನಡೆದ ಆ ಬೆಳಗು ಇವತ್ತಿಗೂ ನನ್ನ ಕಣ್ಣಲ್ಲಿದೆ. ಜೋಳದ ಹೊಲಗಳ ನಡುವೆ ಬೆಳೆದವನಿಗೆ ಜನವರಿಯಲ್ಲಿ ನೆಲ ಹಸಿಯಾಗಿರುವುದೇ ಒಂದು ಸೋಜಿಗ. ಹಳೆಯ ಕಾಲದ ಕಾಲುವೆಯ ನೀರು ಬಾಳೆಯ ತೋಟಗಳೊಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಒಂದರ ಮೇಲೊಂದು ಪೇರಿಸಿದಂತಿದ್ದ ಬಂಡೆಗಳ ಮೇಲೆ ಬಿಸಿಲು ಏರುತ್ತಿತ್ತು. ಚಾಚಾ ಪ್ರತಿ ಕಡ್ಡಿಗೂ ಗಟ್ಟಿಯಾಗಿ ಎಣಿಕೆ ಹೇಳುತ್ತ ಬರುತ್ತಿದ್ದರು. ಗದ್ದೆಯ ಹೆಂಗಸರು ಅವರ ದನಿಯನ್ನೇ ಅನುಕರಿಸಿ ಎಣಿಸಿ ನಗುತ್ತಿದ್ದರು.

ಕೋಡಿಯಿಂದ ಹುಣಸೆಗೆ ಎರಡು ಸಾವಿರದ ನಾಲ್ಕುನೂರ ಅರವತ್ತು ಅಡಿ. ಆರರಿಂದ ಭಾಗಿಸಿದೆ. ನಾಲ್ಕುನೂರ ಹತ್ತು.

ಹುಣಸೆಯಿಂದ ಮಂಟಪಕ್ಕೆ ಮೂರು ಸಾವಿರದ ಇನ್ನೂರ ಎಂಬತ್ತು. ಎಂಟರಿಂದ ಭಾಗಿಸಿದೆ. ಮತ್ತೆ ನಾಲ್ಕುನೂರ ಹತ್ತು.

ಮಂಟಪದ ಕಟ್ಟೆಯ ಮೇಲೆ ಕೂತು ಇದನ್ನು ಚಾಚಾಗೆ ಓದಿ ಹೇಳಿದಾಗ ಅವರು ನನ್ನ ಬೆನ್ನು ತಟ್ಟಿದರು. "ಇನ್ನೊಂದು ಉಳೀತು. ಅದೂ ಹಂಗs ಬಂದ್ರ ಪಾಪ ಅಂವ ಮನಿಗೆ ಹೋಗ್ತಾನ."

ಅದು ಹಾಗೆ ಬರಲಿಲ್ಲ. ಮಂಟಪದಿಂದ ಕೋಡಿಯ ದಾರಿ ಕಠಿಣವಾಗಿತ್ತು. ಬಾಳೆತೋಟವನ್ನು ಸೀಳಿಕೊಂಡು, ನೀರುಗಾಲುವೆಯನ್ನು ಎರಡು ಕಡೆ ದಾಟಿ, ಮೊಣಕಾಲುದ್ದ ಕೆಸರಿನಲ್ಲಿ ಸರಪಳಿ ಎಳೆಯಬೇಕು. ಕೋಡಿ ಮುಟ್ಟಿದಾಗ ಲೆಕ್ಕ ಎರಡು ಸಾವಿರದ ಏಳುನೂರ ಎಪ್ಪತ್ತು. ಏಳರಿಂದ ಭಾಗಿಸಿದರೆ ಮುನ್ನೂರ ತೊಂಬತ್ತಾರೂ ತುಂಬುತ್ತಿರಲಿಲ್ಲ. ನಾನು ಅಲ್ಲಿಯೇ ಮತ್ತೆ ಭಾಗಿಸಿದೆ. ಚಾಚಾ ನನ್ನ ಮುಖ ನೋಡಿ ಸರಪಳಿ ಮಡಚತೊಡಗಿದರು.

ಸಾಹೇಬರು ಅಂಕಿಗಳನ್ನು ನೋಡಿದರು. "ಎರಡು ಬದಿ ಒಂದು ಹೇಳ್ತಾವ, ಮೂರನೇದು ಬ್ಯಾರೆ ಹೇಳತೈತಿ. ಆಕಾರ ಕೆಟ್ಟೈತಿ. ನಾಳೆ ವರದಿ ಬರೀತೀನಿ" ಎಂದರು. ಅವರ ದನಿಯಲ್ಲಿ ಗೆದ್ದ ಭಾವವೇನೂ ಇರಲಿಲ್ಲ. ಒಂದು ಹಂಗಾಮಿನ ಕೆಲಸ ಹೋಯಿತೆಂದು ಮೇಲಿನವರಿಗೆ ತಿಳಿಸಬೇಕಾದವರು ಅವರೇ ಆಗಿದ್ದರು.

ತೋಪಿನ ಅಂಚಿನ ನೀರುಗಾಲುವೆಗೆ ಹೋಗಿ ಕಾಲಿನ ಕೆಸರು ತೊಳೆಯುತ್ತಿದ್ದೆ. ಅಂಬಿಗನ ಮಗಳು ಚಾವಡಿಗೆ ಅಪ್ಪನ ಬುತ್ತಿ ಕೊಟ್ಟು ಹಿಂದಿರುಗುತ್ತಿದ್ದಳು. ಮದುವೆಯಾಗಿ ಅದೇ ಊರಲ್ಲಿದ್ದ ಹೆಣ್ಣುಮಗಳು. ನನ್ನನ್ನು ಕಂಡು ನಿಂತಳು.

"ಅಣ್ಣಾರ, ನೀವು ಏನೋ ಅಳದು ನೋಡಾಕತ್ತೀರಂತ. ಅದು ಆದ್ರ ನಮ್ಮಪ್ಪನ್ನ ಬಿಡ್ತಾರಂತ. ಆತೇನ್ರಿ?"

"ಇನ್ನೂ ಆಗಿಲ್ಲವ್ವಾ."

"ರೊಟ್ಟಿ ಮುಟ್ಟಿಲ್ರಿ ಅವ. ನೀರಾಗ ಇರೂ ಮನುಷ್ಯಾ, ನಾಕು ಗ್ವಾಡಿ ನಡುವ ಕುಂತಾನ" ಎಂದು ಹೇಳಿ ಹೊರಟುಹೋದಳು.

ನಾನು ನೀರಿನಲ್ಲಿ ಕಾಲಿಟ್ಟು ಹಾಗೆಯೇ ಕೂತೆ. ಮುನ್ನೂರ ತೊಂಬತ್ತಾರು. ಆ ಅಂಕಿಯಲ್ಲಿ ಏನೋ ಒಂದು ಒಪ್ಪುವಂತಿರಲಿಲ್ಲ. ನಕ್ಷೆ ಎಳೆದಾಗ ಅಂಗುಲಕ್ಕೆ ನಾಲ್ಕುನೂರು ಅಡಿ. ಕಾಗದ ಕುಗ್ಗಿದರೆ ಅದೇ ಒಂದು ಅಂಗುಲದಲ್ಲಿ ಹೆಚ್ಚು ನೆಲ ಹಿಡಿಯಬೇಕು. ಅದಕ್ಕೇ ನಾಲ್ಕುನೂರ ಹತ್ತು ಬಂದಿದೆ. ನಾಲ್ಕುನೂರಕ್ಕಿಂತ ಕಡಿಮೆ ಬಂತೆಂದರೆ ಆ ಒಂದು ದಿಕ್ಕಿನಲ್ಲಿ ಕಾಗದ ಹಿಗ್ಗಿರಬೇಕು. ಎರಡು ಬದಿ ಒಂದೇ ಸಮ ಕುಗ್ಗಿ ಮೂರನೆಯದು ಮಾತ್ರ ಹಿಗ್ಗುವುದು ಹೇಗೆ? ಒಂದು ಗುರುತಿನ ಕಲ್ಲನ್ನೇ ತಪ್ಪಾಗಿ ಹಿಡಿದಿದ್ದರೆ ಆ ಕಲ್ಲಿಗೆ ಬಂದು ಸೇರುವ ಎರಡು ಬದಿಗಳೂ ಕೆಡಬೇಕಿತ್ತು. ಕೆಟ್ಟದ್ದು ಒಂದೇ. ಹಾಗಾದರೆ ತಪ್ಪು ಕಾಗದದಲ್ಲೂ ಇರಲಾರದು, ಕಲ್ಲಿನಲ್ಲೂ ಇರಲಾರದು. ಆ ಒಂದು ದಾರಿಯ ಅಳತೆಯಲ್ಲೇ ಇರಬೇಕು.

ನಾಲ್ಕುನೂರ ಹತ್ತನ್ನು ಏಳರಿಂದ ಗುಣಿಸಿದೆ. ಎರಡು ಸಾವಿರದ ಎಂಟುನೂರ ಎಪ್ಪತ್ತು. ನಮಗೆ ಸಿಕ್ಕಿದ್ದಕ್ಕಿಂತ ಸರಿಯಾಗಿ ನೂರು ಅಡಿ ಹೆಚ್ಚು. ಒಂದು ಸರಪಳಿ.

ಓಡಿ ಹೋಗಿ ಚಾಚಾಗೆ ಕಡ್ಡಿಗಳನ್ನು ಎಣಿಸಲು ಹೇಳಿದೆ. ಗೋಣಿಚೀಲದಿಂದ ಒಂದೊಂದಾಗಿ ತೆಗೆದು ನೆಲಕ್ಕಿಟ್ಟರು. ಒಂಬತ್ತು. ಚೀಲ ಕೊಡವಿದರು. ಮತ್ತೇನೂ ಬೀಳಲಿಲ್ಲ.

"ಕೆಸರಾಗ ಒಂದು ಕೀಳೂದು ಉಳದಿರಬೇಕು" ಎಂದರು ಮೆಲ್ಲಗೆ.

ಸಾಹೇಬರ ಮುಖ ಅರಳಿತು. ಕಾಗದ ತೆಗೆದು ಕೂತೇಬಿಟ್ಟರು. "ಮತ್ತೇನು ಬೇಕು? ಒಂದು ಸರಪಳಿ ಕೂಡಿಸು. ಮೂರೂ ನಾಲ್ಕುನೂರ ಹತ್ತು ಆಗ್ತಾವ. ಈಗs ಬರದು ಕೊಡ್ತೀನಿ, ಹೊತ್ತು ಮುಳುಗೂದ್ರಾಗ ಅಂವ ಮನ್ಯಾಗ ಇರ್ತಾನ."

ನನಗೂ ಅದೇ ಬೇಕಾಗಿತ್ತು. ಆ ಬೇಕೆನ್ನುವುದೇ ನನ್ನನ್ನು ತಡೆಯಿತು. ಮೂರನೆಯ ಬದಿಯನ್ನು ಮೊದಲ ಎರಡು ಬದಿಗಳಿಂದ ಲೆಕ್ಕ ಹಾಕಿ ತಂದು, ಆಮೇಲೆ ಮೂರೂ ಹೊಂದುತ್ತವೆ ಎಂದರೆ ನಾವು ಪರೀಕ್ಷಿಸಿದ್ದಾದರೂ ಏನು? ಆ ಕಡ್ಡಿ ಇವತ್ತೇ ಕಳೆಯಿತೋ, ಹೋದ ವಾರವೇ ಕಳೆದಿತ್ತೋ ಯಾರು ಬಲ್ಲರು? ಈ ನಕ್ಷೆಯನ್ನು ನಂಬಿ ಮುಂದೆ ಕಾಲುವೆ ತೋಡುತ್ತಾರೆ. ಯಾರದೋ ಹೊಲ ಹೋಗುತ್ತದೆ, ಯಾರದೋ ಹೊಲಕ್ಕೆ ನೀರು ಬರುತ್ತದೆ.

"ಇಲ್ರಿ ಸಾಹೇಬರ" ಎಂದೆ. "ಆ ಬದಿ ಇನ್ನೊಮ್ಮೆ ಅಳೀಬೇಕು."

"ಅಂವ ಇನ್ನೊಂದು ದಿನ ಚಾವಡ್ಯಾಗ ಕುಂದರ್ತಾನ, ಗೊತ್ತೈತೇನು?"

"ಗೊತ್ತೈತ್ರಿ."

ಅವರು ಲೇಖನಿ ಕೆಳಗಿಟ್ಟರು. ಬೇಸರವಾಗಿತ್ತೆಂದು ಕಂಡಿತು. ಅಂಬಿಗನ ಮಗಳ ಮನೆಗೆ ಹೋಗಿ ಇವತ್ತು ಆಗುವುದಿಲ್ಲ ಎಂದು ನಾನೇ ಹೇಳಿ ಬಂದೆ. ಅವಳು ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಳು. "ಅಂವ ನಿಮ್ಮನ್ನ ನೀರಾಗಿಂದ ಎತ್ತೂವಾಗ ತಡಾ ಮಾಡಲಿಲ್ರಿ" ಎಂದಷ್ಟೇ ಅಂದಳು.

ಮರುದಿನ ಬೆಳಿಗ್ಗೆ ಸಾಹೇಬರು ಪಾಯಜಾಮವನ್ನು ಮೊಣಕಾಲಿಗೆ ಮಡಚಿಕೊಂಡು ತಾವೇ ಕೆಸರಿಗಿಳಿದರು. ಒಂಬತ್ತು ಕಡ್ಡಿಯ ಜೊತೆಗೆ ಬಿದಿರಿನ ಒಂದನ್ನು ಕೆತ್ತಿ ಹತ್ತು ಮಾಡಿಕೊಂಡಿದ್ದೆವು. ಈ ಸಲ ಕೋಡಿಯಿಂದ ಮಂಟಪದ ಕಡೆಗೆ, ಉಲ್ಟಾ ಅಳೆದೆವು. ಚಾಚಾ ಎಣಿಸಿದ ಪ್ರತಿ ಕಡ್ಡಿಯನ್ನು ಸಾಹೇಬರು ಇನ್ನೊಮ್ಮೆ ಎಣಿಸುತ್ತಿದ್ದರು. ನೀರುಗಾಲುವೆಯ ಹತ್ತಿರ ನಮ್ಮ ಕಳೆದ ಕಡ್ಡಿಗಾಗಿ ಕೆಸರಿನಲ್ಲಿ ಕೈಯಾಡಿಸಿದೆವು. ಸಿಗಲಿಲ್ಲ. ಬಾಳೆತೋಟದವನು ಏನು ಹುಡುಕುತ್ತಿದ್ದೀರೆಂದು ಕೇಳಿ, ಹೇಳಿದಾಗ ನಕ್ಕು, ಎಲ್ಲರಿಗೂ ಒಂದೊಂದು ಹಣ್ಣು ಕೊಟ್ಟ.

ಮಂಟಪದ ಮೂಲೆಗೆ ಸರಪಳಿಯ ತುದಿ ಹಿಡಿದು ಓದಿದೆ. ಎರಡು ಸಾವಿರದ ಎಂಟುನೂರ ಅರವತ್ತೆಂಟು. ಏಳರಿಂದ ಭಾಗಿಸಿದರೆ ನಾಲ್ಕುನೂರ ಹತ್ತಕ್ಕೆ ಕೂದಲಷ್ಟು ಕಡಿಮೆ. ಕೆಸರಿನಲ್ಲಿ ಎಳೆದ ಸರಪಳಿಗೆ ಅಷ್ಟು ವ್ಯತ್ಯಾಸ ಸಹಜ. ಸರಿಯಾಗಿ ಎಪ್ಪತ್ತೇ ಬಂದಿದ್ದರೆ ನನಗೇ ಅನುಮಾನ ಬರುತ್ತಿತ್ತು.

ಸಾಹೇಬರು ಮಂಟಪದ ಕಂಬಕ್ಕೆ ಕೈಯಾನಿಸಿ ನಿಂತರು. "ಮುತಶಾಬೆ" ಎಂದರು, ಸಾಲೆಯ ಹುಡುಗನ ಹಾಗೆ. ಆಮೇಲೆ ನಕ್ಷೆಯ ಇನ್ನೊಂದು ಮಗ್ಗುಲಿನಲ್ಲಿ ಸಣ್ಣದೊಂದು ತ್ರಿಕೋನವನ್ನು ಅವರೇ ಹಟಹಿಡಿದು ಅಳೆಸಿದರು. ಅಲ್ಲಿಯೂ ಮೂರು ಬದಿಗಳು ಅದೇ ಅಂಕಿಯ ಸುತ್ತ ನಿಂತವು. ಸುಕ್ಕುಗಟ್ಟಿದ ಮೂಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಿದೆ, ಅಂಗುಲಕ್ಕೆ ನಾಲ್ಕುನೂರ ಹತ್ತು ಅಡಿ ಹಿಡಿಯಬೇಕು ಎಂದು ವರದಿ ಬರೆದರು. ಆ ಮೂಲೆಯನ್ನು ಮುಂದೆ ನಾನೇ ಹೊಸದಾಗಿ ಎಳೆದೆ.

ಚಾವಡಿಯಲ್ಲಿ ಅಮೀನರು ವರದಿ ಓದಿ, "ಕುಗ್ಗಿದ ಕಾಗದ ಸರಿ ಐತಿ ಅಂದ್ರ ಹೆಂಗ?" ಎಂದು ಕೇಳಿದರು. ನಾನು ಇದ್ದಿಲಿನಿಂದ ನೆಲದ ಮೇಲೆ ಒಂದು ಸಣ್ಣ ತ್ರಿಕೋನ, ಪಕ್ಕದಲ್ಲಿ ಅದರ ಬದಿಗಳನ್ನೆಲ್ಲ ಎರಡು ಪಟ್ಟು ಮಾಡಿ ಒಂದು ದೊಡ್ಡದನ್ನು ಎಳೆದೆ. ಅದರ ಪಕ್ಕ ಎರಡು ಬದಿ ದುಪ್ಪಟ್ಟು ಮಾಡಿ ಮೂರನೆಯದನ್ನು ಗಿಡ್ಡ ಮಾಡಿ ಇನ್ನೊಂದು. ಅಮೀನರು ಎದ್ದು ಬಂದು ನೋಡಿದರು. ಅಂಬಿಗನೂ ಕತ್ತು ಚಾಚಿ ನೋಡಿದ.

"ಮೊದಲಿಂದು ಮಗಾ, ಎರಡನೇದು ಅಪ್ಪ" ಎಂದ ಅಂಬಿಗ. "ಮಾರಿ ಒಂದs ಐತಿ. ಇದು ಮೂರನೇದು ಯಾರ ಮನೀದೋ ಏನೋ."

ಅಮೀನರು ನಕ್ಕುಬಿಟ್ಟರು. ಅವನನ್ನು ಬಿಡಲು ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ. ಹೊರಗೆ ಮಗಳು ನಿಂತಿದ್ದಳು. ಅಪ್ಪನ ತೋಳು ಹಿಡಿದುಕೊಂಡಳು. ನನ್ನ ಕಡೆ ನೋಡಿ ತಲೆಯ ಸೆರಗು ಸರಿಮಾಡಿಕೊಂಡಳು, ಅಷ್ಟೇ.

ಮಾವು ಹೂ ಬಿಡುವ ಹೊತ್ತಿಗೆ ಕಾಲುವೆಯ ಗೆರೆ ಹಾಕಿ ಮುಗಿಸಿದೆವು. ನಕ್ಷೆಯನ್ನು ಕೊಪ್ಪಳಕ್ಕೆ ಮುಟ್ಟಿಸಲು ನಾನೇ ಹೊರಟೆ. ಕಡವಿನಲ್ಲಿ ಹೊಸ ಚರ್ಮ ಬಿಗಿದ ಹರಿಗೋಲಿತ್ತು. ದಾಟಲು ಬೇರೆ ಯಾರೂ ಬಂದಿರಲಿಲ್ಲ. ಗಾಳಿ ಏಳುವ ಮೊದಲೇ ಅಂಬಿಗ ಹುಟ್ಟು ಹಾಕಿದ.

ನಡುಹೊಳೆಯಲ್ಲಿ ಕೇಳಿದ: "ಆ ನಕ್ಷಾದಾಗ ಏನೈತ್ರಿ?"

"ಹೊಸಾ ಕಾಲುವಿ. ಗಂಗಾವತಿ ಕಡೆ ಒಣಾ ಹೊಲಕ್ಕೆಲ್ಲಾ ನೀರು ಹೋಗತೈತಿ."

"ನೀರು ಎಲ್ಲೀದ್ರಿ?"

"ಇದs ಹೊಳೀದು. ಮ್ಯಾಲ ಕಟ್ಟಿ ಕಟ್ಟತಾರ."

ಅವನು ಹುಟ್ಟು ಹಾಕುತ್ತಲೇ ಬಗ್ಗಿ ನೋಡಿದ. ನೀರು ತಿಳಿಯಾಗಿತ್ತು. ತಳದ ಕಲ್ಲುಗಳು ಕಾಣುತ್ತಿದ್ದವು.

"ಹಂಗಾರ ಇಲ್ಲಿ ಕಡಿಮಿ ಆಗತೈತಿ."

"ಬ್ಯಾಸಿಗ್ಯಾಗ ಆಗಬಹುದು" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಾನs ತೆಗದಿನಲ್ರಿ ಅದನ್ನ, ನೀರಾಗಿಂದ."

ನಾನು ತೊಡೆಯ ಮೇಲಿದ್ದ ಕೊಳವೆಯನ್ನು ನೋಡುತ್ತ ಕೂತೆ. ತೆಗೆಯಬಾರದಿತ್ತೇನು ಎಂದು ಕೇಳುತ್ತಾನೆಂದುಕೊಂಡೆ. ಅವನು ಕೇಳಲಿಲ್ಲ.

"ಮುಳುಗೂದು ಕಂಡ್ರ ಕೈ ತಾನs ಹೋಗತೈತ್ರಿ" ಎಂದ. "ಕೂಸೋ ಕಾಗದಾನೋ ಅಂತ ಆವಾಗ ಗೊತ್ತಾಗೂದಿಲ್ಲ."

ಆಚೆ ದಂಡೆ ಬಂತು. ಅವನು ಮೊಣಕಾಲುದ್ದ ನೀರಿಗಿಳಿದು ಒಂದು ಕೈಯಲ್ಲಿ ಹರಿಗೋಲಿನ ಅಂಚು ಹಿಡಿದು, ಇನ್ನೊಂದನ್ನು ನನ್ನ ಕಡೆಗೆ ಚಾಚಿದ.

"ಮೊದಲ ಅದನ್ನ ಕೊಡ್ರಿ. ಆಮ್ಯಾಲ ನೀವು ಇಳೀರಿ."

ಕೊಟ್ಟೆ. ನಾನು ಜಾರುಗಲ್ಲುಗಳ ಮೇಲೆ ತಡವರಿಸುತ್ತ ದಂಡೆ ಹತ್ತುವವರೆಗೂ ಅವನು ಆ ಕೊಳವೆಯನ್ನು ನೀರು ಸಿಡಿಯದಂತೆ ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತಿದ್ದ.